ಜವಾನ, ಸಿಪಾಯಿ, ಪೇದೆ: ಸಾಮಾನ್ಯ ಸೈನಿಕನ ಈ ಹೆಸರುಗಳು ಎಲ್ಲಿಂದ ಬಂದವು?

ಕಾಳಿದಂಡೆ, ಕಾರವಾರ:

ಒಂದು ಪದ ಚಿಕ್ಕಂದಿನಿಂದ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಇಲ್ಲಿ ಸೈನ್ಯದಲ್ಲಿ ಇದ್ದು ಬಂದವರಿದ್ದೀರಿ, ಭಾಷೆ ಕಲಿಸಿದವರೂ ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ಅಪ್ಪ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ 17 ವರ್ಷ ಇದ್ದರು. ಬೆಳಗಾವಿಯಲ್ಲಿ ಟ್ರೇನಿಂಗ್, ಆಮೇಲೆ ಹೆಚ್ಚಿನ ಕಾಲ ಗಡಿಯ ಕಡೆಗೇ. ಊರಿಗೆ ಬಂದ ಮೇಲೆ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಹುದ್ದೆಯ ಹೆಸರು ಜವಾನ. ಅಲ್ಲೂ ಜವಾನ, ಇಲ್ಲೂ ಜವಾನ. ನಾನಾಗ ಐದನೇ ಕ್ಲಾಸು. ಆಗಸ್ಟ್ 15ಕ್ಕೆ ಶಾಲೆಯಲ್ಲಿ "ಜೈ ಜವಾನ್" ಎಂದು ಗಂಟಲು ಹರಿಯುವ ಹಾಗೆ ಕೂಗಿ ಬಂದಿದ್ದೆ. ಅದೇ ತಿಂಗಳು ಒಂದು ದಿನ ಅಪ್ಪನಿಗೆ ಊಟದ ಡಬ್ಬಿ ಕೊಡಲು ಹೋದಾಗ ಒಳಗಿಂದ ಯಾರೋ "ಏ ಜವಾನಾ, ನೀರು ತಗೊಂಡು ಬಾ" ಎಂದು ಕೂಗಿದರು. ಅಪ್ಪ ಎದ್ದರು. ಅಂಗಿಯ ಅಂಚು ಸರಿ ಮಾಡಿಕೊಂಡರು, ಹೋದರು. ನನಗೆ ಮಾತ್ರ ಆ ಡಬ್ಬಿ ಕೈಯಲ್ಲಿ ಹಿಡಿದು ನಿಂತದ್ದು ಇವತ್ತಿಗೂ ನೆನಪಿದೆ.

ಕಳೆದ ವಾರ ಅಟ್ಟ ಸ್ವಚ್ಛ ಮಾಡುವಾಗ ಅವರ ಕರಿ ಟ್ರಂಕು ಕೆಳಗೆ ಇಳಿಸಿದೆವು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಅದರ ಮುಂದೆ ಎಸ್ ಇ ಪಿ ಎಂಬ ಮೂರು ಇಂಗ್ಲಿಷ್ ಅಕ್ಷರ, ಆಮೇಲೆ ಹೆಸರು. ಎಸ್ ಇ ಪಿ ಅಂದರೆ ಸಿಪಾಯಿ. ನೋಡಿ, ಆ ಪದವೂ ಹಾಗೇ, ಸಿಪಾಯಿ ಅಂದರೆ ನಮ್ಮ ಕಡೆ ಶಾಲೆಯಲ್ಲಿ ಗಂಟೆ ಹೊಡೆಯುವವರು. ಸೈನಿಕನ ಹೆಸರೆಲ್ಲ ಕಚೇರಿ ಬಾಗಿಲಿಗೆ ಬಂದು ನಿಂತದ್ದು ಹೇಗೆ?

ಗೋಕರ್ಣದ ಅಕ್ಕೋರು:

ತಮ್ಮಾ, ಒಳ್ಳೆಯ ಪ್ರಶ್ನೆ. ನಾನು 31 ವರ್ಷ ಮಕ್ಕಳಿಗೆ ಕನ್ನಡ ಹೇಳಿಕೊಟ್ಟವಳು, ಗೊತ್ತಿರುವಷ್ಟು ಬರೆಯುತ್ತೇನೆ.

ಜವಾನ್ ಪಾರ್ಸಿ, ಅಂದರೆ ಇರಾನಿನ ಭಾಷೆಯ ಮಾತು. ಅರ್ಥ ಇಷ್ಟೇ, ಹರೆಯದ ಹುಡುಗ. ಸಂಸ್ಕೃತದ ಯುವನ್ ಮತ್ತು ಇದು ಒಂದೇ ಬೇರಿನವು. ಪಾರ್ಸಿಯಲ್ಲಿ ಮೊದಲ ಯ ಹೋಗಿ ಜ ಆಯಿತು. ನಮ್ಮಲ್ಲೂ ಹಾಗೇ ಆಗಿದೆ. ಯಾತ್ರೆ ಜಾತ್ರೆಯಾಯಿತು, ಯಮ ಜವನಾದ, ಯೌವನ ಜವ್ವನವಾಯಿತು. ಹಾಗಾಗಿ ಹಳೆಗನ್ನಡದ ಜವ್ವನಿಗ, ಸೈನ್ಯದ ಜವಾನ ಇಬ್ಬರೂ ಅಣ್ಣತಮ್ಮಂದಿರು. ಇಂಗ್ಲಿಷಿನ ಇನ್‌ಫೆಂಟ್ರಿ ಕೂಡ ಹೀಗೇ ಹುಟ್ಟಿದ್ದು. ಇಟಲಿಯ ಭಾಷೆಯಲ್ಲಿ ಇನ್ಫಾಂತೆ ಅಂದರೆ ಹುಡುಗ. ಕುದುರೆ ಏರುವಷ್ಟು ವಯಸ್ಸು, ಅನುಭವ ಇಲ್ಲದ ಹುಡುಗರು ಕಾಲ್ನಡಿಗೆಯಲ್ಲಿ ಹೋಗುತ್ತಿದ್ದರು. ಅಂದರೆ ನಿಮ್ಮ ಅಪ್ಪನ ರೆಜಿಮೆಂಟಿನ ಹೆಸರಿನಲ್ಲೂ ಹುಡುಗ ಇದ್ದಾನೆ, ಹುದ್ದೆಯಲ್ಲೂ ಹುಡುಗ ಇದ್ದಾನೆ. ಯುದ್ಧಕ್ಕೆ ಮೊದಲು ಕಳಿಸುವುದು ಯಾರನ್ನು ಎನ್ನುವುದು ಎರಡು ದೂರದ ಭಾಷೆಗಳಲ್ಲೂ ಒಂದೇ ಥರ ಬರೆದಿಟ್ಟ ಹಾಗಿದೆ, ನನಗೆ ಇದನ್ನು ಓದಿದಾಗಲೆಲ್ಲ ಸಂಕಟ ಆಗುತ್ತದೆ.

ಸಿಪಾಯಿಯೂ ಪಾರ್ಸಿಯದೇ. ಸಿಪಾಹ್ ಅಂದರೆ ಸೈನ್ಯ, ಸಿಪಾಹಿ ಸೈನ್ಯದವ. ಅದೇ ಪದ ಪಶ್ಚಿಮಕ್ಕೆ ಹೋಗಿ ತುರ್ಕಿಯಲ್ಲಿ ಕುದುರೆ ಸವಾರನಾದ. ಪೂರ್ವಕ್ಕೆ ಬಂದು ಇಲ್ಲಿ ಕಾಲಾಳಾದ. ಇಂಗ್ಲಿಷರ ಬಾಯಲ್ಲಿ ಸಿಪಾಯ್.

ಇನ್ನು ಪ್ಯೂನ್. ಅದನ್ನು ಬಿಟ್ಟರೆ ನಿನ್ನ ಪ್ರಶ್ನೆ ಪೂರ್ತಿಯಾಗುವುದಿಲ್ಲ. ನಿಮ್ಮ ಪಕ್ಕದ ಗೋವಾದಲ್ಲಿದ್ದ ಪೋರ್ಚುಗೀಸರ ಮಾತು ಅದು. ಪಿಯಾಂವ್ ಎನ್ನುವಂತೆ ಉಚ್ಚರಿಸುತ್ತಾರೆ, ಅರ್ಥ ಕಾಲಾಳು. ಬೇರು ಲ್ಯಾಟಿನ್ನಿನಲ್ಲಿ, ಕಾಲು ಎನ್ನುವ ಪದದಲ್ಲಿ. ಚೆಸ್ ಆಟದ ಪಾನ್ ಕೂಡ ಅದೇ. ಪಾರ್ಸಿಯಲ್ಲಿ ಪಿಯಾದಾ, ಅದೇ ನಮ್ಮ ಪೇದೆ. ಸಂಸ್ಕೃತದಲ್ಲಿ ಪದಾತಿ. ಎಲ್ಲದರಲ್ಲೂ ಪಾದ ಇದೆ. ಪೊಲೀಸ್ ಪೇದೆ, ಕಚೇರಿ ಪ್ಯೂನ್, ಚದುರಂಗದ ಕಾಲಾಳು ಮೂವರೂ ನಡೆದುಕೊಂಡು ಹೋಗುವ ಸೈನಿಕರೇ.

ಅಡಿಕೆತೋಟ, ಶಿರಸಿ:

ಅಕ್ಕೋರೆ, ಅಚ್ಚ ಕನ್ನಡದ ಪದ ಬಿಟ್ಟುಬಿಟ್ಟಿರಲ್ಲ. ಆಳು! ನಮ್ಮಲ್ಲಿ ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ದಿನಾ ಬೆಳಿಗ್ಗೆ ಕೇಳುವ ಮಾತು ಒಂದೇ, ಇವತ್ತು ಎಷ್ಟು ಆಳು ಬಂದಿದ್ದಾರೆ. ಅದೇ ಆಳು ಶಾಸನದಲ್ಲಿ ಕಾದಾಡುವವನು. ಬನವಾಸಿ ಕಡೆ, ಸೊರಬದ ಕಡೆ ಹೋದರೆ ಊರೂರಲ್ಲಿ ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವನ ಸನ್ನಿಧಿ. ಅಲ್ಲಿ ಇರುವವರು ರಾಜರಲ್ಲ. ದನ ಕದಿಯಲು ಬಂದವರನ್ನು ತಡೆದು ಸತ್ತ ಊರಿನ ಹುಡುಗರು. ನಮ್ಮ ಮನೆಯ ಹಿಂದಿನ ಗುಡ್ಡದ ದಾರಿಯಲ್ಲೂ ಒಂದಿದೆ. ಅಕ್ಷರ ಸವೆದಿದೆ, ಆದರೆ ಅವನ ಕೈಯ ಬಿಲ್ಲು ಮಾತ್ರ ಬೆರಳಿಟ್ಟರೆ ಈಗಲೂ ಸಿಗುತ್ತದೆ. ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಕಟ್ಟುತ್ತದೆ, ನಮ್ಮ ಅಜ್ಜ ಪ್ರತಿ ವರ್ಷ ತೆಂಗಿನ ನಾರಿನಿಂದ ತಿಕ್ಕಿ ತೊಳೆಯುತ್ತಿದ್ದರು. ಈಗ ನಾನು ತೊಳೆಯುತ್ತೇನೆ.

ಇನ್ನೊಂದು. ಇಂಗ್ಲಿಷಿನ ಸೋಲ್ಜರ್ ಪದ ರೋಮನ್ನರ ಸಾಲಿಡಸ್ ಎಂಬ ಚಿನ್ನದ ನಾಣ್ಯದಿಂದ ಬಂದದ್ದು. ಅಂದರೆ ಸಂಬಳ ತಗೊಂಡು ಹೋರಾಡುವವನು. ನಮ್ಮವರು ಇದೇ ಸಂಬಂಧಕ್ಕೆ ಜೋಳವಾಳಿ ಅಂತ ಕರೆದರು. ಒಡೆಯನ ಮನೆಯ ಜೋಳ ತಿಂದ ಋಣ, ಅದನ್ನು ತೀರಿಸಲು ಯುದ್ಧಕ್ಕೆ ಹೋಗಬೇಕು. ಅಲ್ಲಿ ನಾಣ್ಯ, ಇಲ್ಲಿ ಜೋಳ. ಒಡೆಯನಿಗಾಗಿ ಸಾಯುತ್ತೇನೆ ಎಂದು ಮಾತು ಕೊಟ್ಟವನಿಗೆ ಲೆಂಕ ಎಂಬ ಹೆಸರೂ ಇತ್ತು. ಆ ಪದ ಈಗ ಯಾರ ಬಾಯಲ್ಲೂ ಇಲ್ಲ, ಬೇಜಾರಾಗುತ್ತದೆ.

ಹಳಿಯಾಳದ ಹುಡುಗ:

ನಾನು ಅಗ್ನಿವೀರ್ ಭರ್ತಿಗೆ ತಯಾರಿ ಮಾಡುತ್ತಿದ್ದೇನೆ, ಬೆಳಿಗ್ಗೆ ಐದಕ್ಕೆ ಎದ್ದು ಓಡುವುದೇ ಕೆಲಸ. ಈ ಹೊಸ ಹೆಸರನ್ನೂ ಸೇರಿಸಿಕೊಳ್ಳಿ, 2022ರಲ್ಲಿ ಬಂದದ್ದು. ಇದು ಜನರ ಬಾಯಲ್ಲಿ ಹುಟ್ಟಿದ್ದಲ್ಲ, ಸರ್ಕಾರವೇ ಇಟ್ಟದ್ದು.

ಅಮೆರಿಕದ ಸೈನಿಕನಿಗೆ ಜಿಐ ಅಂತಾರಲ್ವಾ, ಅದು ಗವರ್ನಮೆಂಟ್ ಇಶ್ಯೂ. ಸರ್ಕಾರ ಕೊಟ್ಟ ಬಟ್ಟೆ, ಸರ್ಕಾರ ಕೊಟ್ಟ ಬೂಟು, ಅದಕ್ಕೇ ಆ ಹೆಸರು. ಬ್ರಿಟಿಷರ ಟಾಮಿ ಕಥೆ ಇನ್ನೂ ಚೆನ್ನಾಗಿದೆ. ಟಾಮಸ್ ಆಟ್ಕಿನ್ಸ್ ಅಂತ ಒಬ್ಬ ಸೈನಿಕ ಗಾಯಗೊಂಡು ಸಾಯುವಾಗ ಪಕ್ಕದಲ್ಲಿ ನಿಂತ ಸೇನಾಪತಿ ವೆಲ್ಲಿಂಗ್ಟನ್‌ಗೆ "ಪರವಾಗಿಲ್ಲ ಸರ್, ಇದು ನಮ್ಮ ಕೆಲಸ" ಅಂದನಂತೆ. ಆಮೇಲೆ ವೆಲ್ಲಿಂಗ್ಟನ್ ಆ ಹೆಸರನ್ನೇ ಎಲ್ಲ ಸೈನಿಕರಿಗೆ ಇಟ್ಟನಂತೆ.

ನಿವೃತ್ತ ಸ್ಯಾಪರ್, ಅಂಕೋಲಾ:

ತಮ್ಮಾ, ಓಟ ಬಿಡಬೇಡ. ಮೊದಲು ಅದು ಹೇಳುತ್ತೇನೆ.

ಜಿಐ ವಿಷಯ ಹಾಗಲ್ಲ. ಅದು ಮೊದಲು ಅಮೆರಿಕದ ಸೈನ್ಯದ ಸಾಮಾನು ಪಟ್ಟಿಯಲ್ಲಿ ಇದ್ದ ಅಕ್ಷರ, ಗ್ಯಾಲ್ವನೈಸ್ಡ್ ಐರನ್. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಜಿಐ ಶೀಟು, ಜಿಐ ಪೈಪು ಅಂತೀವಲ್ಲ, ಅದೇ. ಕಸದ ಡಬ್ಬಿ, ಬಕೆಟ್ಟುಗಳ ಮುಂದೆ ಜಿಐ ಅಂತ ಬರೆಯುತ್ತಿದ್ದರು. ಆಮೇಲೆ ಸೈನ್ಯದ ಎಲ್ಲ ಸಾಮಾನಿಗೂ ಅದೇ ಹೆಸರಾಯಿತು, ಗವರ್ನಮೆಂಟ್ ಇಶ್ಯೂ ಎಂಬ ಅರ್ಥ ಕೂಡಿಕೊಂಡಿತು, ಎರಡನೇ ಮಹಾಯುದ್ಧದ ಹೊತ್ತಿಗೆ ಸೈನಿಕನೇ ಜಿಐ ಆದ. ತಗಡಿನ ಬಕೆಟ್ಟಿನಿಂದ ಮನುಷ್ಯನಿಗೆ ಬಂದ ಹೆಸರು.

ಟಾಮಿ ಕಥೆಯೂ ಆಮೇಲೆ ಕಟ್ಟಿದ್ದು. 1815ರ ಹೊತ್ತಿಗೇ ಬ್ರಿಟಿಷ್ ಯುದ್ಧ ಕಚೇರಿಯ ಮಾದರಿ ಫಾರಂಗಳಲ್ಲಿ ಥಾಮಸ್ ಆಟ್ಕಿನ್ಸ್ ಎಂಬ ಹೆಸರು ಅಚ್ಚಾಗಿತ್ತು. ಬ್ಯಾಂಕಿನ ಚಲನ್ ಹೇಗೆ ತುಂಬಬೇಕು ಅಂತ ತೋರಿಸಲು ಒಂದು ಹೆಸರು ಹಾಕಿರುತ್ತಾರಲ್ಲ, ಹಾಗೆ. ಓದು ಬರಹ ಬರದವನು ಆ ಹೆಸರಿನ ಪಕ್ಕ ಗುರುತು ಹಾಕಿದರೆ ಆಯಿತು. ಕಥೆಗಿಂತ ನನಗೆ ಈ ಫಾರಂ ಜಾಸ್ತಿ ಮನಸ್ಸಿಗೆ ಹತ್ತಿರ. ಯಾಕೆಂದರೆ ಪುಣೆಯ ಖಡ್ಕಿಯಲ್ಲಿ ಭರ್ತಿಯಾದ ದಿನ ನಾನೂ ಹಾಗೇ ಒಂದು ಫಾರಂ ಮುಂದೆ ಕೂತಿದ್ದೆ, ಹಿಂದಿ ಬರುತ್ತಿರಲಿಲ್ಲ, ಕ್ಲಾರ್ಕ್ ಬೆರಳು ತೋರಿಸಿದಲ್ಲಿ ಸಹಿ ಹಾಕಿದೆ. ಮರುದಿನದಿಂದ ನಾನು ರಂಗ್ರೂಟ್. ಇಂಗ್ಲಿಷಿನ ರಿಕ್ರೂಟ್ ಹಿಂದಿಯವರ ಬಾಯಲ್ಲಿ ಹಾಗಾಗಿದೆ. ಕಲಿಸುವವರು ಉಸ್ತಾದ್. ಟ್ರೇನಿಂಗ್ ಮುಗಿದ ಮೇಲೆ ಸ್ಯಾಪರ್, ಅಂದರೆ ಇಂಜಿನಿಯರ್ ದಳದ ಸಾಮಾನ್ಯ ಸೈನಿಕ.

ಜನರಿಗೆ ಗೊತ್ತಿರುವುದಿಲ್ಲ, ಎಲ್ಲ ಕಡೆ ಸಿಪಾಯಿ ಅಂತ ಇರುವುದಿಲ್ಲ. ತೋಪಿನ ದಳದಲ್ಲಿ ಗನ್ನರ್, ಟ್ಯಾಂಕಿನವರಲ್ಲಿ ಸವಾರ್, ಸಿಗ್ನಲ್ಸ್‌ನಲ್ಲಿ ಸಿಗ್ನಲ್‌ಮನ್, ನಮ್ಮಲ್ಲಿ ಸ್ಯಾಪರ್. ದರ್ಜೆ ಒಂದೇ. ಪೇಪರಿನಲ್ಲಿ "ಬೈಕ್ ಸವಾರ" ಅಂತ ಓದಿದಾಗಲೆಲ್ಲ ನನಗೆ ಕುದುರೆ ಸೈನ್ಯ ನೆನಪಾಗುತ್ತದೆ. ಸ್ಯಾಪರ್ ಬಂದದ್ದು ಗುದ್ದಲಿಯಿಂದ. ಇಟಲಿಯಲ್ಲಿ ಝಪ್ಪಾ, ಫ್ರೆಂಚಿನಲ್ಲಿ ಸಾಪ್. ಕೋಟೆಯ ಗೋಡೆಯ ತನಕ ಕಂದಕ ತೋಡಿಕೊಂಡು ಹೋಗುವವನು ಸ್ಯಾಪರ್. ಹಿಂದಿಯಲ್ಲಿ ನಮ್ಮನ್ನು ಸಫರ್‌ಮೈನಾ ಅನ್ನುತ್ತಿದ್ದರು, ಸ್ಯಾಪರ್ಸ್ ಆಂಡ್ ಮೈನರ್ಸ್ ಎಂಬುದು ತಿರುಗಿ ಹಾಗಾದದ್ದು. ಪಯೋನಿಯರ್ ಎಂಬ ದೊಡ್ಡ ಪದವೂ ಅಕ್ಕೋರು ಹೇಳಿದ ಪ್ಯೂನ್ ಮನೆತನದ್ದೇ, ಸೈನ್ಯದ ಮುಂದೆ ಹೋಗಿ ದಾರಿ ಮಾಡುವ ಕಾಲಾಳು.

ಕಾರವಾರದ ಬೀಚಿನಲ್ಲಿ ಚಪಲ್ ಯುದ್ಧನೌಕೆಯ ಹತ್ತಿರ ಮೇಜರ್ ರಾಮ ರಾಘೋಬಾ ರಾಣೆಯವರ ಪ್ರತಿಮೆ ಇದೆ. ಅಲ್ಲಿ ಹೋದವರು ಒಂದು ನಿಮಿಷ ನಿಲ್ಲಿ. ಚೆಂಡಿಯಾದವರು. 1940ರಲ್ಲಿ ಬಾಂಬೆ ಸ್ಯಾಪರ್ಸ್‌ಗೆ ಸಾಮಾನ್ಯ ಸೈನಿಕನಾಗಿ ಸೇರಿದವರು. 1948ರ ಏಪ್ರಿಲ್‌ನಲ್ಲಿ ಜಮ್ಮುವಿನ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ನೆಲದಲ್ಲಿ ಹೂತಿಟ್ಟ ಸ್ಫೋಟಕ ಮೈನು ತೆಗೆದು, ಅಡ್ಡ ಹಾಕಿದ್ದನ್ನೆಲ್ಲ ಸರಿಸಿ ಟ್ಯಾಂಕುಗಳಿಗೆ ಜಾಗ ಮಾಡಿಕೊಟ್ಟರು, ಗಾಯ ಆದರೂ ಬಿಡಲಿಲ್ಲ. ಪರಮವೀರ ಚಕ್ರ ಬಂತು. ಅವರ ತಂದೆ ಪೊಲೀಸ್ ಪೇದೆ. ಅಕ್ಕೋರು ಹೇಳಿದ ಪೇದೆ, ಕಾಲಾಳು. ಕಾಲಾಳಿನ ಮಗ ಗುದ್ದಲಿಯವನಾದ. ಈ ಮಾತನ್ನು ನಾನು ಹೆಮ್ಮೆಯಿಂದ ಬರೆಯುತ್ತಿದ್ದೇನೆ.

ಬೈತಖೋಲ ಬಂದರು:

ನಾವು ಮೀನಿನವರು, ಆದರೂ ಹೇಳಲು ನಮಗೂ ಇದೆ. ಬೋಟಿನಲ್ಲಿ ಮುಖ್ಯಸ್ಥ ತಾಂಡೇಲ, ಉಳಿದವರು ಖಲಾಸಿ. ಹಳೆಯ ಕಾಲದ ಇಂಗ್ಲಿಷ್ ಹಡಗುಗಳಲ್ಲೂ ನಮ್ಮ ದೇಶದ ನಾವಿಕರ ಗುಂಪಿಗೆ ತಾಂಡೇಲ ಇದ್ದ, ಅವನ ಮೇಲೆ ಸಾರಂಗ್. ಸಾರಂಗ್ ಅನ್ನುವುದು ಪಾರ್ಸಿಯ ಸರ್‌ಹಂಗ್, ಇರಾನಿನ ಸೈನ್ಯದಲ್ಲಿ ಇವತ್ತಿಗೂ ಕರ್ನಲ್‌ಗೆ ಅದೇ ಹೆಸರು. ಎಲ್ಲರನ್ನೂ ಸೇರಿಸಿ ಲಾಸ್ಕರ್ ಅಂತ ಕರೆಯುತ್ತಿದ್ದರು. ಲಷ್ಕರ್ ಅಂದರೆ ಸೈನ್ಯ! ಭೂಮಿಯ ಮೇಲಿನ ಸೈನಿಕನ ಹೆಸರು ಪೋರ್ಚುಗೀಸರ ಕೈಯಲ್ಲಿ ಸಮುದ್ರಕ್ಕೆ ಇಳಿಯಿತು. ಎರಡನೇ ಮಹಾಯುದ್ಧದಲ್ಲಿ ಸಾಮಾನು ಸಾಗಿಸುವ ಹಡಗುಗಳಲ್ಲಿ ಇದ್ದ ಲಾಸ್ಕರ್‌ಗಳು ಸಾವಿರಾರು ಜನ ಸಮುದ್ರದಲ್ಲೇ ಹೋದರು. ಅವರನ್ನು ಯಾರೂ ಸೈನಿಕ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹೆಸರು ಮಾತ್ರ ಸೈನ್ಯದ್ದು.

ಆಮೇಲೆ ಲಂಗರು. ನಮಗದು ದೋಣಿ ನಿಲ್ಲಿಸುವ ಕಬ್ಬಿಣ. ನೇವಲ್ ಬೇಸ್‌ಗೆ ಬಂದ ಪಂಜಾಬಿ ಹುಡುಗನಿಗೆ ಅದು ಊಟ ಬಡಿಸುವ ಜಾಗ. ಪಾರ್ಸಿಯಲ್ಲಿ ಎರಡಕ್ಕೂ ಅದೇ ಪದ. ಜೂನ್, ಜುಲೈನಲ್ಲಿ ಬೋಟು ದಡದಲ್ಲಿರುವಾಗ ಅಂಗಡಿ ಮುಂದೆ ಕೂತು ಅವನಿಂದಲೇ ಇದು ತಿಳಿದದ್ದು.

ಅಡಿಕೆತೋಟ, ಶಿರಸಿ:

ಬೇಸ್ ಅಂದಾಗ ನೆನಪಾಯಿತು, 2005ರಲ್ಲಿ ಶುರುವಾದ ಆ ನೌಕಾನೆಲೆಗೆ ಐಎನ್‌ಎಸ್ ಕದಂಬ ಅಂತ ಹೆಸರು. ನಮ್ಮ ಬನವಾಸಿಯ ಕದಂಬರು. ಇರಲಿ, ಪಟಾಲಂ ಎನ್ನುವುದೂ ಬೆಟಾಲಿಯನ್ನಿನಿಂದಲೇ ಬಂದದ್ದು. ಈಗ ಯಾರದ್ದಾದರೂ ಹಿಂಬಾಲಕರ ಗುಂಪಿಗೆ ಹಾಗೆ ಅನ್ನುತ್ತೇವೆ.

ಹೊನ್ನಾವರದ ಮಗಳು:

ಎಲ್ಲರ ಮಾತೂ ಓದಿದೆ. ನನ್ನ ಅಮ್ಮ ಶಾಲೆಯೊಂದರಲ್ಲಿ 22 ವರ್ಷ ಸಿಪಾಯಿ ಕೆಲಸ ಮಾಡಿದರು. ಈಗ ಕಾಗದದ ಮೇಲೆ ಡಿ ದರ್ಜೆ ನೌಕರರು ಅಂತ ಬರೆಯುತ್ತಾರೆ. ಊರಿನವರಿಗೆ ಅಮ್ಮ ಈಗಲೂ ಸಿಪಾಯಿ ಅಕ್ಕ. ಇಲ್ಲಿ ಮೊದಲ ಮಾತು ಓದುವಾಗ ಸ್ವಲ್ಪ ನೋವಾಯಿತು, ಬರೆದವರು ಬೇಕೆಂದು ಹಾಗೆ ಬರೆದಿಲ್ಲ, ಗೊತ್ತು. ಆದರೆ ಸೈನಿಕನ ಹೆಸರು ಕಚೇರಿಯ ಬಾಗಿಲಿಗೆ ಬಂದು ಕೆಳಗೆ ಬಿತ್ತು ಎನ್ನುವ ಹಾಗಿದೆ ಆ ಮಾತು. ನೀರು ಕೊಡುವುದು, ಗಂಟೆ ಹೊಡೆಯುವುದು ಕೀಳು ಕೆಲಸವಾ? ತಪ್ಪು "ಏ" ಎಂದು ಕರೆದವರದ್ದು. ಪದದ್ದಲ್ಲ, ಕೆಲಸದ್ದೂ ಅಲ್ಲ.

ಗೋಕರ್ಣದ ಅಕ್ಕೋರು:

ಮಗಳೇ, ಸರಿಯಾಗಿ ಹೇಳಿದೆ. ಇತಿಹಾಸವೂ ನಿನ್ನ ಕಡೆಗೇ ಇದೆ. ಕಂಪನಿ ಸರ್ಕಾರದ ಕಾಲದಲ್ಲಿ ಕಲೆಕ್ಟರ್ ಕಚೇರಿಯ ಪ್ಯೂನ್ ಅಂದರೆ ಬರೀ ಕಾಗದ ಹೊರುವವನಲ್ಲ. ಕತ್ತಿ ಕಟ್ಟಿಕೊಂಡ ಕಾಲಾಳು. ಖಜಾನೆ ಕಾಯುವುದು, ಕಂದಾಯದ ಹಣದ ಜೊತೆ ಹೋಗುವುದು, ಸಮನ್ಸ್ ಮುಟ್ಟಿಸುವುದು ಎಲ್ಲ ಅವನೇ. ಆಮೇಲೆ ಪೊಲೀಸು ಬೇರೆಯಾಯಿತು, ಕತ್ತಿ ಹೋಯಿತು, ಮನುಷ್ಯ ಅದೇ ಬಾಗಿಲಲ್ಲಿ ಉಳಿದ. ಅವನ ಹೆಗಲಿನ ಪಟ್ಟಿ ಉಳಿಯಿತು, ಅದೇ ಡವಾಲಿ, ಅದರ ಮೇಲೆ ಹಿತ್ತಾಳೆ ಬಿಲ್ಲೆ. ಜಿಲ್ಲಾಧಿಕಾರಿಗಳ ಹಿಂದೆ ಪೇಟ, ಪಟ್ಟಿ ಧರಿಸಿ ನಿಲ್ಲುವವರನ್ನು ನೋಡಿದ್ದೀರಾ? ಅವರು ದಫೇದಾರ್. ಕುದುರೆ ಸೈನ್ಯದಲ್ಲಿ ದಫೇದಾರ್ ಅಂದರೆ ಹವಾಲ್ದಾರನ ದರ್ಜೆ. ಹಾಗಾಗಿ ಪದ ಎಲ್ಲಿಂದಲೋ ಜಾರಿ ಬಿದ್ದದ್ದಲ್ಲ. ಕಾವಲಿನವನು ಕಾವಲಿನಲ್ಲೇ ಇದ್ದ, ಅವನ ಸುತ್ತ ಕಚೇರಿ ಬದಲಾಯಿತು.

ಒಂದು ಪದ ಮಾತ್ರ ನಿಜವಾಗಿ ಕಷ್ಟಕ್ಕೆ ಸಿಕ್ಕಿತು, ಜಮಾದಾರ್. ಸೈನ್ಯದಲ್ಲಿ ಅದು ಅಧಿಕಾರಿಯ ದರ್ಜೆ. ಹೊರಗೆ ಉತ್ತರದ ಊರುಗಳಲ್ಲಿ ಕಸ ಗುಡಿಸುವವರಿಗೆ ಆ ಹೆಸರಾಯಿತು. 1965ರಲ್ಲಿ ಸೈನ್ಯ ಅದನ್ನು ಬಿಟ್ಟು ನಾಯಬ್ ಸುಬೇದಾರ್ ಅಂತ ಮಾಡಿಕೊಂಡಿತು. ಶಾಸ್ತ್ರಿಯವರು "ಜೈ ಜವಾನ್ ಜೈ ಕಿಸಾನ್" ಅಂದದ್ದೂ ಅದೇ ವರ್ಷ.

ನಿವೃತ್ತ ಸ್ಯಾಪರ್, ಅಂಕೋಲಾ:

ನಾಯ್ಕ್ ಎಂಬುದನ್ನು ಹೇಳದಿದ್ದರೆ ಅಂಕೋಲೆಯವನಾಗಿ ತಪ್ಪಾಗುತ್ತದೆ. ನಮ್ಮ ಕಡೆ ಮನೆಗೊಬ್ಬರು ನಾಯ್ಕ, ನಾಯಕ. ಸೈನ್ಯದಲ್ಲಿ ಅದು ತೋಳಿನ ಮೇಲೆ ಎರಡು ಪಟ್ಟಿಯ ದರ್ಜೆ, ಅದಕ್ಕೂ ಕೆಳಗೆ ಲ್ಯಾನ್ಸ್ ನಾಯ್ಕ್. ಲ್ಯಾನ್ಸ್ ಅನ್ನುವುದು ಇಟಲಿಯ "ಮುರಿದ ಭರ್ಜಿ"ಯಿಂದ ಬಂದದ್ದು, ಭರ್ಜಿ ಮುರಿಯುವಷ್ಟು ಕಾದಾಡಿದ ಹಳಬ ಅಂತ. ನನಗೆ ಮೊದಲ ಪಟ್ಟಿ ಬಂದಾಗ ಮನೆಗೆ ಪತ್ರ ಬರೆದೆ, ಲ್ಯಾನ್ಸ್ ನಾಯ್ಕ್ ಆಗಿದ್ದೇನೆ ಅಂತ. ಅಮ್ಮ ಓದಿಸಿ ಕೇಳಿ, ನಾಯ್ಕರ ಮನೆಯಲ್ಲಿ ಹುಟ್ಟಿದವನು ಈಗ ಆಗುವುದೇನು ಅಂತ ಕೇಳಿದ್ದರಂತೆ.

ಹಳಿಯಾಳದ ಹುಡುಗ:

ಬೇರೆ ದೇಶದಲ್ಲೂ ಹೀಗೆ ಮನೆಯ ಹೆಸರಿನಿಂದ ಕರೆಯುವುದಿದೆಯಾ ಅಣ್ಣ?

ನಿವೃತ್ತ ಸ್ಯಾಪರ್, ಅಂಕೋಲಾ:

ಇದೆ. ತುರ್ಕಿಯವರು ತಮ್ಮ ಸೈನಿಕನನ್ನು ಮೆಹ್ಮೆತ್‌ಚಿಕ್ ಅಂತಾರೆ, ಪುಟ್ಟ ಮೆಹ್ಮೆತ್. ನಮ್ಮಲ್ಲಿ ಮದ್ರಾಸ್ ರೆಜಿಮೆಂಟಿನವರು ತಂಬಿ, ಅಂದರೆ ತಮ್ಮ. ಮರಾಠಾದವರು ಗಣಪತ್. ಫ್ರಾನ್ಸಿನವರು ಮೊದಲ ಮಹಾಯುದ್ಧದಲ್ಲಿ ಪ್ವಾಲೂ ಅಂದರು, ಗಡ್ಡ ಮೀಸೆಯ ಕೂದಲಿನವನು. ಆಸ್ಟ್ರೇಲಿಯಾದವರು ಡಿಗ್ಗರ್, ನಮ್ಮ ಹಾಗೇ ತೋಡುವವರು.

ಕಾಳಿದಂಡೆ, ಕಾರವಾರ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಹೊನ್ನಾವರದ ತಂಗಿ, ನಿಮ್ಮ ಮಾತು ಸರಿ. ನಾನು ಇಷ್ಟು ವರ್ಷ ಸಿಟ್ಟನ್ನು ಪದದ ಮೇಲೆ ಇಟ್ಟುಕೊಂಡಿದ್ದೆ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ನಿನ್ನೆ ರಾತ್ರಿ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಗಣಪತ್ ಅಂದ ಕೂಡಲೇ ಅವರ ಮುಖ ಅರಳಿತು. ಹೌದು, ಬೇರೆ ಪಲ್ಟನ್ನಿನವರು ಹಾಗೇ ಕರೆಯುತ್ತಿದ್ದರು ಅಂದರು. ಕಚೇರಿಯ ವಿಷಯ ಕೇಳಿದೆ, ನಿಮಗೆ ಬೇಜಾರಾಗುತ್ತಿರಲಿಲ್ಲವಾ ಅಂತ. ರಾತ್ರಿ ಬೀಗ ಹಾಕಿ ಕೀಲಿ ನನ್ನ ಹತ್ತಿರವೇ ಇರುತ್ತಿತ್ತು ಅಂದರು, ಅಷ್ಟೇ.

ಇವತ್ತು ಬೆಳಿಗ್ಗೆ ಬಿಳಿ ಬಣ್ಣದ ಚಿಕ್ಕ ಡಬ್ಬಿ, ಸಣ್ಣ ಬ್ರಶ್ ತಂದೆ. ಟ್ರಂಕಿನ ಅಕ್ಷರ ಮಸುಕಾಗಿತ್ತಲ್ಲ. ಅಪ್ಪ ರಿಟೈರ್ ಆಗುವಾಗ ಹವಾಲ್ದಾರ್, ಅದಕ್ಕೆ ಎಸ್ ಇ ಪಿ ತೆಗೆದು ಅದನ್ನೇ ಬರೆಯಲಾ ಅಂತ ಕೇಳಿದೆ. ಬೇಡ, ಟ್ರಂಕು ತಗೊಂಡಾಗ ನಾನು ಸಿಪಾಯಿ, ಇದ್ದದ್ದನ್ನೇ ತಿದ್ದು ಅಂದರು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಒಂದೊಂದು ಅಕ್ಷರ ಮುಗಿಯುವ ತನಕ ನೋಡಿದರು. ಈಗ ಅಂಗಳದಲ್ಲಿ ಒಣಗಲು ಇಟ್ಟಿದ್ದೇವೆ.